ಅರ್ಧ ಕರೆಂಟು

6 ಡಿಸೆಂಬರ್ 1938, ಮಂಗಳವಾರ

ಇವತ್ತೂ ರೈಲು ತಡ. ಭದ್ರಾವತಿಯಿಂದ ಶಿವಮೊಗ್ಗ ತಲುಪುವಷ್ಟರಲ್ಲಿ ಶೇಷಪ್ಪನವರು ಏಣಿ ಹೊರಿಸಿಕೊಂಡು ಹೊರಟೇಬಿಟ್ಟಿದ್ದರು. ಅವರು ಎಲೆಕ್ಟ್ರಿಕ್ ಕಂಟ್ರಾಕ್ಟರು. ಊರಿಗೆ ಬಂದಿರುವ ಕರೆಂಟನ್ನು ಮನೆಗೆ, ಅಂಗಡಿಗೆ ಎಳೆದುಕೊಡುವುದು ಅವರ ಕಸುಬು. ನಾನು ಅವರ ಹತ್ತಿರ ವೈರ್‌ಮನ್. ಹಾಗೆಂದು ನಾನು ಹೇಳಿಕೊಳ್ಳುತ್ತೇನೆ. ಅವರು ಹೆಲ್ಪರ್ ಅನ್ನುತ್ತಾರೆ.

ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ತಂತಿ ಎಷ್ಟು ಬೇಕು ನೋಡು ಎಂದರು. ಕಣ್ಣಳತೆಯಲ್ಲಿ ಹೇಳಿದೆ. ಕತ್ತರಿಸಿದ ಮೇಲೆ ಒಂದು ಮೊಳ ಸಾಲಲಿಲ್ಲ.

"ಅಳೆದ್ಯೇನೋ?"

"ಹತ್ತಿರ ಹತ್ತಿರ ಅಷ್ಟೇ ಇತ್ತು ಸಾರ್."

"ಹತ್ತಿರ ಹತ್ತಿರ! ನಿಮ್ಮಪ್ಪ ನಿನಗೆ ಪುಟ್ಟಯ್ಯ ಅಂತ ಯಾಕಿಟ್ರೋ ಮಾರಾಯ, ಹತ್ತಿರಯ್ಯ ಅಂತ ಇಡಬೇಕಿತ್ತು."

ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸರೂ ನಕ್ಕರು. ಹತ್ತನೇ ಕ್ಲಾಸಿನವರೆಗೆ ಓದಿದವನು ನಾನು. ಈ ಏಣಿ, ಈ ಮೊಳೆ, ಈ ನಗೆ, ಎಲ್ಲ ಸಾಕಾಗಿದೆ. ಅಕ್ಕಿ ಗಿರಣಿಯಲ್ಲಿ ನಿಲ್ಲಲಿಲ್ಲ, ಸೈಕಲ್ ಷಾಪಿನಲ್ಲಿ ನಿಲ್ಲಲಿಲ್ಲ, ಬಸ್ಸಿನವರ ಹತ್ತಿರವೂ ನಿಲ್ಲಲಿಲ್ಲ. ಇಲ್ಲೇನು ನಿಲ್ಲುವುದು? ಬೊಂಬಾಯಿಯಲ್ಲಿ ಹಡಗಿನ ಕಟ್ಟೆಯಲ್ಲಿ ಕೆಲಸಕ್ಕೆ ಜನ ಬೇಕಂತೆ. ಸಂಕ್ರಾಂತಿ ಕಳೆಯಲಿ. ಅಕ್ಕನಿಗೆ ಹೇಳಿ ಹೊರಟುಬಿಡುವುದು.

11 ಡಿಸೆಂಬರ್, ಭಾನುವಾರ

ರಜೆ. ಏನು ಮಾಡುವುದೆಂದು ತಿಳಿಯದೆ ಸೇತುವೆಯವರೆಗೆ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ಅಕ್ಕ ನೋಡಿ, "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ನೀನು. ಕೂತ್ಕೊಂಡು ಒಂದು ಲೋಟ ಕಾಫಿನಾದ್ರೂ ಕುಡಿ" ಎಂದಳು.

ನಾನು ಇರುವುದು ಅಕ್ಕ ಸುವರ್ಣಮ್ಮನ ಮನೆಯಲ್ಲಿ. ಭದ್ರಾವತಿಯ ಜನ್ನಾಪುರದ ಕಡೆ ಮರ ಕೊಯ್ಯುವ ಮಿಲ್ಲಿನವರು ಕೆಲಸಗಾರರಿಗೆ ಕಟ್ಟಿಸಿರುವ ಸಾಲುಮನೆ. ಭಾವ ಹೊನ್ನಯ್ಯನವರು ಮಿಲ್ಲಿನ ಹಬೆ ಎಂಜಿನ್ ನೋಡಿಕೊಳ್ಳುತ್ತಾರೆ. ಮಾತು ಕಡಿಮೆ. ಮರದ ಹೊಟ್ಟು ಉರಿಸಿ ಓಡಿಸುವ ಆ ಎಂಜಿನ್ನೇ ಡೈನಮೋವನ್ನೂ ತಿರುಗಿಸುತ್ತದೆ, ಅದರಿಂದ ಸಾಲಿನ ಮನೆಗೊಂದು ದೀಪ. ಮಿಲ್ಲು ಹಗಲು ರಾತ್ರಿ ಎರಡು ಪಾಳಿ, ಕರೆಂಟು ನಿಲ್ಲುವುದಿಲ್ಲ.

ಈ ಕರೆಂಟು ನೂರಹತ್ತು ವೋಲ್ಟಿನದು. ಶಿವಮೊಗ್ಗದ್ದು ಇನ್ನೂರ ಮೂವತ್ತು. ಇಲ್ಲಿ ಯಾರೂ ವೋಲ್ಟು ಅನ್ನುವುದಿಲ್ಲ. ನಮ್ಮದು ಅರ್ಧ ಕರೆಂಟು, ಅವರದು ಪೂರ್ತಿ ಕರೆಂಟು ಅನ್ನುತ್ತಾರೆ. ಪಕ್ಕದ ಮನೆ ಚೌಡಮ್ಮನವರಂತೂ ದೀಪ ಸ್ವಲ್ಪ ಮಂಕಾದರೆ, "ಅರ್ಧ ಕರೆಂಟಲ್ಲಿ ಅರ್ಧ ಕದ್ಕೊಂಡ್ರು" ಎಂದು ಮ್ಯಾನೇಜರನ್ನು ಬಯ್ಯುತ್ತಾರೆ.

ಅಕ್ಕನಿಗೆ ಏಳು ತಿಂಗಳು ತುಂಬುತ್ತ ಬಂತು. ಹಿಂದಿನ ಎರಡೂ ಕೈಗೆ ದಕ್ಕಲಿಲ್ಲ. ಈ ಸಲ ತೊಟ್ಟಿಲ ಮಾತೇ ಎತ್ತಬಾರದು ಎಂದಿದ್ದಾಳೆ. ಬೊಂಬಾಯಿ ಮಾತು ನಾನೂ ಎತ್ತಲಿಲ್ಲ.

16 ಡಿಸೆಂಬರ್, ಶುಕ್ರವಾರ

ಸಂಜೆ ಬಂದರೆ ಮನೆ ಮುಂದೆ ಹೆಂಗಸರು. ಹೆಣ್ಣು ಮಗು. ದಿನ ತುಂಬುವ ಮೊದಲೇ ಬಂದುಬಿಟ್ಟಿದೆ. ನೋಡಿದೆ. ನನ್ನ ಅಂಗೈಯಿಂದ ಮೊಣಕೈವರೆಗೆ ಬರುತ್ತದೆ, ಅಷ್ಟೇ. ಅಳುವುದೂ ಇಲ್ಲ, ಕುಂಯ್ ಅನ್ನುತ್ತದೆ.

ಚೌಡಮ್ಮನವರು ಬಾಣಂತಿ ಕೋಣೆಗೆ ಕೆಂಡದ ಬುಟ್ಟಿ ತಂದಿಟ್ಟಿದ್ದರು. ಆಮೇಲೆ ಬಂದ ಡಾಕ್ಟರಮ್ಮ ಅದನ್ನು ನೋಡಿದ ಕೂಡಲೇ ಹೊರಗೆ ಇಡಿಸಿದರು.

"ಈ ಮಗುವಿನ ಶ್ವಾಸಕ್ಕೆ ಹೊಗೆ ಆಗೋದೇ ಇಲ್ಲ."

"ಹಂಗಂದ್ರೆ ಬೆಚ್ಚಗಿಡೋದು ಹೆಂಗವ್ವಾ? ನಾವೆಲ್ಲ ಕೆಂಡದ ಮುಂದೆ ಬೆಳೆದೋರೆಯ" ಎಂದರು ಚೌಡಮ್ಮ.

ಬೆಚ್ಚಗಿಡುವುದೇ ಎಲ್ಲ ಎಂದರು ಡಾಕ್ಟರಮ್ಮ. ಈ ಕೂಸಿಗೆ ತನ್ನ ಮೈ ಕಾವು ತಾನೇ ಉಳಿಸಿಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲವಂತೆ. ಸುತ್ತಲಿನ ಗಾಳಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಇರಬೇಕು. ತಣ್ಣಗಾದರೆ ಹಾಲು ಬಿಡುತ್ತದೆ, ಹಾಲು ಬಿಟ್ಟರೆ ಉಳಿಯುವುದಿಲ್ಲ. ಅವರು ಕಲಿತ ಆಸ್ಪತ್ರೆಯಲ್ಲಿ ಇಂಥ ಕೂಸುಗಳನ್ನು ಪೆಟ್ಟಿಗೆಯಲ್ಲಿಟ್ಟು, ತಳದಲ್ಲಿ ದೀಪ ಉರಿಸಿ ಉಳಿಸುತ್ತಿದ್ದರಂತೆ. ಒಟ್ಟು ಅರವತ್ತು ವಾಟಿನ ದೀಪ.

"ನಾನು ಮಾಡ್ತೀನಿ" ಎಂದೆ. ಯಾಕೆ ಹೇಳಿದೆನೋ.

ಡಾಕ್ಟರಮ್ಮ ನನ್ನ ಮುಖ ನೋಡಿದರು. "ನೀವು ಏನು ಕೆಲಸ ಮಾಡೋದು?"

"ವೈರ್‌ಮನ್."

ಭಾವ ಎದ್ದು ಮಿಲ್ಲಿಗೆ ಹೋದರು, ಹಲಗೆ ತಂದರು.

17 ಡಿಸೆಂಬರ್, ಶನಿವಾರ

ಪೆಟ್ಟಿಗೆ ಆಯಿತು. ಕೆಳಗೆ ದೀಪದ ಗೂಡು, ನಡುವೆ ತೂತು ಕೊರೆದ ಹಲಗೆ, ಮೇಲೆ ಕೂಸು, ಅದರ ಮೇಲೆ ಗಾಜಿನ ಮುಚ್ಚಳ. ಒಂದು ಬಟ್ಟಲಲ್ಲಿ ನೀರು, ಗಾಳಿ ಒಣಗದಿರಲೆಂದು. ಡಾಕ್ಟರಮ್ಮ ಕೊಟ್ಟ ಎರಡು ಥರ್ಮಾಮೀಟರಿನಲ್ಲಿ ಒಂದನ್ನು ಒಳಗೆ, ಇನ್ನೊಂದನ್ನು ಕೋಣೆಯ ಗೋಡೆಗೆ ನೇತುಹಾಕಿದೆ.

ನಮ್ಮ ನೂರಹತ್ತರ ಬಲ್ಬು ಮಿಲ್ಲಿನ ಸ್ಟೋರಿನಲ್ಲಿ ಮುಗಿದಿವೆ. ಮತ್ತೆ ಬರುವುದು ಬರುವ ತಿಂಗಳು. ಶಿವಮೊಗ್ಗಕ್ಕೆ ಹೋಗಿ ಅಲ್ಲಿನ ಅರವತ್ತು ವಾಟಿನ ಬಲ್ಬು ತಂದೆ. ಅಲ್ಲಿ ಅವು ಪೂರ್ತಿ ಕರೆಂಟಿನಲ್ಲಿ ಅರವತ್ತು. ಇಲ್ಲಿ ಅರ್ಧ ಕರೆಂಟು, ಆದ್ದರಿಂದ ಮೂವತ್ತು. ಎರಡು ಹಾಕಿದರೆ ಅರವತ್ತು. ಇದಕ್ಕೆ ಕಾಗದವೂ ಬೇಕಿಲ್ಲ.

ಶೇಷಪ್ಪನವರಿಗೆ ಹೇಳಲಿಲ್ಲ. ಅಂಗಡಿ ಹುಡುಗನ ಹತ್ತಿರ ಬಲ್ಬು ಈಸಿಕೊಂಡು ಬಂದೆ. ಮುಗಿದ ಮೇಲೆ ತೋರಿಸೋಣ.

ಕೆಂಪಗೆ, ಮಂದವಾಗಿ ಉರಿಯುತ್ತಿವೆ. ಚೌಡಮ್ಮ ಬಗ್ಗಿ ನೋಡಿ, "ಅಯ್ಯೋ ಪುಟ್ಟಯ್ಯ, ಕೂಸನ್ನ ಕೋಳಿಮೊಟ್ಟೆ ಮಾಡ್ಬಿಟ್ಯಲ್ಲೋ!" ಎಂದರು. ಅಕ್ಕನೂ ನಕ್ಕಳು. ಹೆರಿಗೆಯಾದ ಮೇಲೆ ಮೊದಲ ಸಲ.

18 ಡಿಸೆಂಬರ್, ಭಾನುವಾರ

ಎಂಬತ್ತಕ್ಕೆ ನಿಂತಿದೆ. ಮೇಲೆ ಹೋಗುತ್ತಿಲ್ಲ. ಹಲಗೆ ಹಸಿಯಿದೆ, ಕಾದ ಮೇಲೆ ಏರುತ್ತದೆ ಎಂದು ಅಕ್ಕನಿಗೆ ಹೇಳಿದೆ.

ಸಂಜೆ. ಏರಲಿಲ್ಲ. ಕೂಸಿನ ಪಾದ ತಣ್ಣಗಿದೆ, ಉಗುರು ನೀಲಿ. ಹತ್ತಿಯಲ್ಲಿ ಹಾಲು ಅದ್ದಿ ಇಟ್ಟರೆ ಚೀಪುತ್ತಿಲ್ಲ, ಕಟಬಾಯಿಂದ ಹೊರಗೆ ಬರುತ್ತಿದೆ. ಭಾವ ಅಂಗಿ ಬಿಚ್ಚಿ ಎದೆಗವಚಿಕೊಂಡು ಕೂತಿದ್ದಾರೆ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

19 ಡಿಸೆಂಬರ್, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ.

ಬೆಳಿಗ್ಗೆ ಕಾಗದ ತೆಗೆದುಕೊಂಡು ಕೂತೆ. ಮೊದಲೇ ಕೂರಬೇಕಿತ್ತು. ಬಲ್ಬಿನ ಮೇಲೆ ಬರೆದಿರುವುದು 230 ವೋಲ್ಟ್, 60 ವಾಟ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟು. ಹಾಗಾದರೆ ಅರವತ್ತನ್ನು ಇನ್ನೂರ ಮೂವತ್ತರಿಂದ ಭಾಗಿಸಿದರೆ ಆಂಪಿಯರು: 0.26. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬಲ್ಬಿನೊಳಗೆ ಕಾಯುವ ಎಳೆಯ ತಡೆ, ಅಂದರೆ ರೆಸಿಸ್ಟೆನ್ಸು: ಹತ್ತಿರ ಹತ್ತಿರ 880 ಓಮ್.

ಈ ಎಳೆಯನ್ನು ನಮ್ಮ ನೂರಹತ್ತಕ್ಕೆ ಹಾಕಿದರೆ ಹರಿಯುವುದು 110 ಭಾಗಿಸು 880. ಅಂದರೆ 0.125 ಆಂಪಿಯರು. ಅದನ್ನು ನೂರಹತ್ತರಿಂದ ಗುಣಿಸಿದೆ. ಹದಿಮೂರು ಮುಕ್ಕಾಲು ವಾಟು!

ಮೂವತ್ತಲ್ಲ. ಹದಿಮೂರು ಮುಕ್ಕಾಲು.

ವೋಲ್ಟು ಅರ್ಧವಾದರೆ ಅದು ನೂಕುವ ಆಂಪಿಯರೂ ಅರ್ಧ. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು. ಅರ್ಧ ಕರೆಂಟು, ಅರ್ಧ ಕರೆಂಟು ಎಂದು ಎಲ್ಲರೂ ಅನ್ನುವುದನ್ನು ಕೇಳಿ ಕೇಳಿ ನಾನೂ ಅದೇ ಅಂದೆ. ಎರಡು ದಿನ ಈ ಕೂಸನ್ನು ಕಾಲು ಕಾವಿನಲ್ಲಿ ಮಲಗಿಸಿದ್ದೆ.

ಅರವತ್ತಕ್ಕೆ ನಾಲ್ಕು ಬಲ್ಬು ಬೇಕು. ಸರಿಯಾಗಿ ಹೇಳಿದರೆ ನಾಲ್ಕು ಚಿಲ್ಲರೆ. ನಾಲ್ಕು ಹಾಕಿದರೆ ಐವತ್ತೈದು, ಸಾಕು. ಮತ್ತೆರಡು ಹೋಲ್ಡರ್ ಹಾಕಿದೆ, ಓಡಿಹೋಗಿ ಶಿವಮೊಗ್ಗದಿಂದ ಮತ್ತೆರಡು ಬಲ್ಬು ತಂದೆ.

ಏರಿತು. ತೊಂಬತ್ತು ದಾಟಿತು. ಅಕ್ಕ ಎದ್ದು ಕೂತಳು. ಕೂಸು ಒಂದು ಹತ್ತಿ ಹಾಲು ಚೀಪಿತು.

20 ಡಿಸೆಂಬರ್, ಮಂಗಳವಾರ

ತೊಂಬತ್ತರಲ್ಲಿ ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ತೊಂಬತ್ತೇಳು. ಕೂಸು ಕೆಂಪಗಾಗಿ, ಬಾಯಿ ತೆರೆದು ಬೇಗ ಬೇಗ ಉಸಿರಾಡುತ್ತಿತ್ತು. ಅಕ್ಕ ಗಾಜು ಸರಿಸಿ ಎತ್ತಿಕೊಂಡುಬಿಟ್ಟಳು.

"ನಿನ್ನ ಲೆಕ್ಕ ಸಾಕು ಪುಟ್ಟ. ಒಂದ್ಸಲ ಐಸು, ಒಂದ್ಸಲ ಬೆಂಕಿ. ಇದೇನು ನಿನ್ನ ಅಂಗಡಿ ಬಲ್ಬೇನೋ?"

ಮತ್ತೆ ಕಾಗದ ತೆಗೆದೆ. ಲೆಕ್ಕ ತಪ್ಪಿಲ್ಲ, ಮೂರು ಸಲ ಮಾಡಿದ್ದೇನೆ. ಐವತ್ತೈದು ವಾಟಿಗೆ ಇಷ್ಟು ಕಾವು ಹೇಗೆ?

ಬೆಳಗಿನ ರೈಲಿಗೇ ಶಿವಮೊಗ್ಗಕ್ಕೆ ಹೋದೆ. ಶೇಷಪ್ಪನವರು ಅಂಗಡಿ ಬಾಗಿಲು ತೆಗೆಯುತ್ತಿದ್ದರು.

"ಬಂದ್ರಪ್ಪ ಹತ್ತಿರಯ್ಯನೋರು. ಎರಡು ದಿನದಿಂದ ಯಾವೂರು?"

ಎಲ್ಲ ಹೇಳಿದೆ. ಅರ್ಧ ಎಂದುಕೊಂಡದ್ದು, ಕಾಲು ಎಂದು ಲೆಕ್ಕ ಹಾಕಿದ್ದು, ಎಲ್ಲ. ಅವರು ಒಂದು ಸಲವೂ ನಗಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

"ಅಳೆದ್ಯಾ?"

"ಲೆಕ್ಕ ಹಾಕ್ದೆ ಸಾರ್."

"ಅಳೆದ್ಯಾ ಅಂತ ಕೇಳ್ದೆ."

"ಇಲ್ಲ. ಮೀಟರ್ ಕೊಟ್ರೆ..."

"ನಿನ್ನ ಕೈಗೆ ನನ್ನ ಮೀಟರ್ ಕೊಡಲ್ಲ ಮಾರಾಯ. ನಡಿ, ನಾನೇ ಬರ್ತೀನಿ." ತೆಗೆದ ಬಾಗಿಲನ್ನು ಮತ್ತೆ ಹಾಕಿದರು.

ಮನೆಗೆ ಬಂದವರು ಮೊದಲು ವೋಲ್ಟು ನೋಡಿದರು. ನೂರಹತ್ತು, ಸರಿಯಿದೆ. ಆಮೇಲೆ ಆಂಪಿಯರ್ ಮೀಟರ್ ತೆಗೆದರು. ನಾನು ಬುದ್ಧಿವಂತನ ಹಾಗೆ ಅದರ ಎರಡು ತುದಿಯನ್ನು ಲೈನಿನ ಎರಡು ತಂತಿಗೆ ಹಿಡಿಯಲು ಹೋದೆ. ಕೈ ಮೇಲೆ ಫಟ್ಟೆಂದು ಬಿತ್ತು.

"ಸುಟ್ಟು ಹೋಗುತ್ತೆ ಕಣೋ! ಹರಿಯೋದನ್ನ ಅಳೀಬೇಕು ಅಂದ್ರೆ ಹರಿಯೋ ದಾರಿ ಕತ್ತರಿಸಿ ಮಧ್ಯ ಕೂರಿಸಬೇಕು. ಗೇಟಲ್ಲಿ ನಿಂತು ಟಿಕೆಟ್ ಕೇಳ್ತಾರಲ್ಲ, ಹಂಗೆ."

ಒಂದು ತಂತಿ ಬಿಡಿಸಿ ನಡುವೆ ಕೂರಿಸಿದರು. ನಾಲ್ಕು ಬಲ್ಬೂ ಉರಿಯುತ್ತಿರುವಾಗ ಮುಳ್ಳು 0.7ರ ಮೇಲೆ ನಿಂತಿತು.

"ನಿನ್ನ ಲೆಕ್ಕದ ಪ್ರಕಾರ ಎಷ್ಟಿರಬೇಕು?"

"ಅರ್ಧ ಆಂಪಿಯರ್."

"ಈಗ ಹಾಕು ಲೆಕ್ಕ."

ನೂರಹತ್ತು ಗುಣಿಸು 0.7. ಎಪ್ಪತ್ತೇಳು ವಾಟು. ಐವತ್ತೈದಲ್ಲ. ಒಂದೊಂದು ಬಲ್ಬಿಗೆ ಹತ್ತೊಂಬತ್ತು ಕಾಲು. ಒಂದು ಬಲ್ಬಿನ ಪಾಲಿಗೆ 0.175 ಆಂಪಿಯರು. ತಡೆ ಎಷ್ಟೆಂದು ನೋಡಿದರೆ 110 ಭಾಗಿಸು 0.175, ಅಂದರೆ 630 ಓಮ್ ಇಲ್ಲಿ. ನಾನು ಹಿಡಿದದ್ದು 880.

"ತಡೆ ಹೆಂಗೆ ಕಮ್ಮಿ ಆಯ್ತು ಸಾರ್? ಬಲ್ಬು ಅದೇ ಅಲ್ವಾ?"

"ಬಲ್ಬು ಅದೇ. ಕಾವು ಅದೇ ಏನೋ? ಅಲ್ಲಿ ಬೆಳ್ಳಗೆ ಕಾದಿರುತ್ತೆ, ಇಲ್ಲಿ ಕೆಂಪಗೆ. ಎಳೆ ಎಷ್ಟು ಕಾಯುತ್ತೋ ಅಷ್ಟು ಹೆಚ್ಚು ತಡೆಯುತ್ತೆ. ಬಲ್ಬಿನ ಮೇಲೆ ಬರ್ದಿರೋದು ಅದರ ಜಾತಕ ಕಣೋ. ಬರೆದ ಊರಲ್ಲಿ ಸರಿ. ಈ ಊರಲ್ಲಿ ಅದು ಹೆಂಗಿದೆ ಅಂತ ಮೀಟರ್‌ನ ಕೇಳಬೇಕು."

ಹತ್ತೊಂಬತ್ತು ಕಾಲಿನಂತೆ ಅರವತ್ತಕ್ಕೆ ಎಷ್ಟು? ಮೂರು. ಒಂದು ಬಲ್ಬು ತಿರುವಿ ತೆಗೆದೆ. ಮುಳ್ಳು ಅರ್ಧಕ್ಕಿಂತ ಚೂರು ಮೇಲೆ ನಿಂತಿತು. ಇಬ್ಬರೂ ಪೆಟ್ಟಿಗೆ ಮುಂದೆ ಕೂತೆವು. ಅಕ್ಕ ಕೂಸನ್ನು ಕೊಡಲಿಲ್ಲ, ಸೆರಗೊಳಗೆ ಇಟ್ಟುಕೊಂಡು ದೂರ ಕೂತಿದ್ದಳು. ಖಾಲಿ ಪೆಟ್ಟಿಗೆ ಎಂಬತ್ತೊಂಬತ್ತಕ್ಕೆ ಬಂದು ನಿಂತಿತು. ಕಾದೆವು. ಕದಲಲಿಲ್ಲ.

ಶೇಷಪ್ಪನವರು, "ತಂಗೀ, ಈಗ ಕೊಡವ್ವಾ" ಎಂದರು.

ಅಕ್ಕ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ನೀನು ಹೇಳು."

"ನಿಂತಿದೆ ಅಕ್ಕ. ನಾನೇ ನೋಡ್ದೆ."

ಕೊಟ್ಟಳು.

21 ಡಿಸೆಂಬರ್

ಬೆಳಿಗ್ಗೆ ಎಂಬತ್ತೆಂಟು. ಮಧ್ಯಾಹ್ನ ತೊಂಬತ್ತೊಂದು. ಹಾಲು ಚೀಪಿತು.

24 ಡಿಸೆಂಬರ್, ಶನಿವಾರ

ಮುಂಜಾನೆ ಎಂಬತ್ತನಾಲ್ಕಕ್ಕೆ ಇಳಿದಿತ್ತು. ಚಳಿ ಒಂದು ಕಾರಣ. ಇನ್ನೊಂದು, ಮಿಲ್ಲಿನಲ್ಲಿ ದಪ್ಪ ದಿಮ್ಮಿಗೆ ಗರಗಸ ಇಳಿದಾಗ ಎಂಜಿನ್ ತಿಣುಕುತ್ತದೆ, ಡೈನಮೋ ನಿಧಾನವಾಗುತ್ತದೆ, ವೋಲ್ಟು ಇಳಿಯುತ್ತದೆ. ಶೇಷಪ್ಪನವರನ್ನು ಕೇಳಿ ವೋಲ್ಟ್ ಮೀಟರ್ ತಂದೆ. ಈ ಸಲ ಕೊಟ್ಟರು. ಗರಗಸ ಇಳಿದಾಗ ನೂರನಾಲ್ಕು.

ನಾಲ್ಕನೇ ಬಲ್ಬಿಗೆ ಬೇರೆ ಸ್ವಿಚ್ ಹಾಕಿದೆ. ಎಂಬತ್ತಾರಕ್ಕೆ ಇಳಿದರೆ ಹಾಕುವುದು, ತೊಂಬತ್ತೊಂದಕ್ಕೆ ಬಂದರೆ ಆರಿಸುವುದು. ಅಕ್ಕನಿಗೆ ಥರ್ಮಾಮೀಟರ್ ಓದುವುದು ಹೇಳಿಕೊಟ್ಟೆ. ಚೌಡಮ್ಮನವರೂ ಕಲಿತರು. "ಎಂಬತ್ತಾರು ಅಂದ್ರೆ ಯಾವ ಗೀಟು? ಈ ಉದ್ದ ಗೀಟಿನ ಮೇಲೆ ಒಂದು ಗಿಡ್ಡ ಗೀಟು, ಅದೇ ತಾನೆ?"

ಭಾವ ದಪ್ಪ ದಿಮ್ಮಿ ಏರಿಸುವ ಮುಂಚೆ ಈಗ ಒಂದು ಸಣ್ಣ ಸೀಟಿ ಹೊಡೆಯುತ್ತಾರೆ. ಮ್ಯಾನೇಜರ್ ಕೇಳಿದರೆ ಹಬೆ ಬಿಡೋದಕ್ಕೆ ಅನ್ನುತ್ತಾರಂತೆ. ಸೀಟಿ ಕೇಳಿದ ಕೂಡಲೇ ಚೌಡಮ್ಮ, "ಸುವರ್ಣೀ, ಸ್ವಿಚ್ಚು!" ಎಂದು ಗೋಡೆಯಾಚೆಯಿಂದ ಕೂಗುತ್ತಾರೆ.

2 ಜನವರಿ 1939, ಸೋಮವಾರ

ಕೂಸಿಗೆ ಮೈಯೆಲ್ಲ ಹಳದಿ. ಎರಡು ದಿನದಿಂದ ಹಾಲು ಕಡಿಮೆ. ಡಾಕ್ಟರಮ್ಮ ಕಾವು ಬಿಡಬೇಡಿ ಎಂದರು. ಉಳಿಯುತ್ತದೆಯೇ ಎಂದು ಅಕ್ಕ ಕೇಳಿದಳು, ಅವರು ಥರ್ಮಾಮೀಟರನ್ನೇ ಮತ್ತೊಮ್ಮೆ ನೋಡಿದರು.

ಎಂಬತ್ತೊಂಬತ್ತು. ಎಂಬತ್ತೊಂಬತ್ತು. ತೊಂಬತ್ತು.

5 ಜನವರಿ

ಹಳದಿ ಇಳಿಯುತ್ತಿದೆ.

14 ಜನವರಿ, ಶನಿವಾರ. ಸಂಕ್ರಾಂತಿ

ಎಳ್ಳು ಬೆಲ್ಲ. ಎದುರು ಮನೆಯವರು ಕಬ್ಬು ತಂದುಕೊಟ್ಟರು. ಒಂದು ಬಲ್ಬು ಸುಟ್ಟಿತು. ನಾಲ್ಕನೆಯದನ್ನು ಅಲ್ಲಿಗೆ ತಿರುವಿ, ಶಿವಮೊಗ್ಗದಿಂದ ಹೊಸದೊಂದು ತಂದೆ. ಹಾಕುವ ಮುಂಚೆ ಶೇಷಪ್ಪನವರ ಆಂಪಿಯರ್ ಮೀಟರ್ ಈಸಿಕೊಂಡು ಅದೊಂದನ್ನೇ ಅಳೆದೆ. 0.18. ಹಿಂದಿನದಕ್ಕಿಂತ ಚೂರು ಜಾಸ್ತಿ, ಅಂಗಡಿಯ ಒಂದೇ ಪೆಟ್ಟಿಗೆಯಿಂದ ತೆಗೆದ ಬಲ್ಬಾದರೂ. ಬೇರೆ ಬೇರೆಯಾಗಿ ಅಳೆಯಬೇಕು.

ಶೇಷಪ್ಪನವರು ಕೋಟೆಯ ಕಡೆ ಒಂದು ದೊಡ್ಡ ಮನೆಯ ವೈರಿಂಗನ್ನು ನನಗೇ ಬಿಟ್ಟಿದ್ದಾರೆ. ಉಗಾದಿಯವರೆಗೆ ಕೆಲಸವಿದೆ. ಗೋಡೆ ಅಳೆಯುವುದಕ್ಕೇ ನಿನ್ನೆ ಪೂರ್ತಿ ಹಿಡಿಯಿತು.

ಕೂಸು ಈಗ ಅಳುತ್ತದೆ. ಗಟ್ಟಿಯಾಗಿ. ಮಿಲ್ಲಿನ ಗದ್ದಲದಲ್ಲೂ ಕೇಳುತ್ತದೆ.

29 ಜನವರಿ, ಭಾನುವಾರ

ಹಗಲಿನಲ್ಲಿ ಎರಡೇ ಬಲ್ಬು. ಡಾಕ್ಟರಮ್ಮ ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದೇವೆ. ಎಂಬತ್ತರಲ್ಲೂ ಪಾದ ಬೆಚ್ಚಗಿದೆ. ಮೊದಲು ಎಂಬತ್ತರಲ್ಲೇ ನೀಲಿಯಾಗಿದ್ದು.

ಅಕ್ಕ ಮೊಲೆಗೆ ಹಾಕಿದರೆ ತಾನೇ ಹಿಡಿಯುತ್ತದೆ.

12 ಫೆಬ್ರವರಿ, ಭಾನುವಾರ

ಡಾಕ್ಟರಮ್ಮ ನಿನ್ನೆ ಬಂದು, ಇನ್ನು ದೀಪ ಆರಿಸಿ ನೋಡಬಹುದು ಎಂದಿದ್ದರು. ಮಗು ತನ್ನ ಕಾವು ತಾನು ಉಳಿಸಿಕೊಳ್ಳುತ್ತಿದೆಯೋ ಇಲ್ಲವೋ, ಅದೊಂದು ಖಾತ್ರಿಯಾಗಬೇಕು.

ಖಾತ್ರಿಯಾಗಬೇಕು ಎಂದರೆ ಹೇಗೆಂದು ಬೆಳಿಗ್ಗೆಯೆಲ್ಲ ಯೋಚಿಸಿದೆ. ಮೊದಲು ಕೂಸನ್ನು ಅಕ್ಕನ ಹತ್ತಿರ ಕೊಟ್ಟು, ಎಲ್ಲ ಬಲ್ಬು ಆರಿಸಿ, ಬರೀ ಹಾಸಿಗೆ ಬಟ್ಟೆಯೊಂದಿಗೆ ಪೆಟ್ಟಿಗೆ ಮುಚ್ಚಿಟ್ಟೆ. ಇಳಿಯುತ್ತ ಇಳಿಯುತ್ತ ಕೋಣೆಯಷ್ಟೇ ಆಯಿತು. ಕೋಣೆ ಎಪ್ಪತ್ತಾರು, ಪೆಟ್ಟಿಗೆಯೂ ಎಪ್ಪತ್ತಾರು. ಹಲಗೆಯಲ್ಲಿ ಹಳೆಯ ಕಾವು ಏನೂ ಉಳಿದಿಲ್ಲ ಎಂದಾಯಿತು. ಆಮೇಲೆ ಕೂಸನ್ನು ಮಲಗಿಸಿ, ಬಲ್ಬು ಹಾಕದೆಯೇ, ಗಾಜು ಮುಚ್ಚಿದೆ.

ಅಕ್ಕ ಒಂದು ಕಡೆ, ಭಾವ ಒಂದು ಕಡೆ, ಬಾಗಿಲಲ್ಲಿ ಚೌಡಮ್ಮ. ಗೂಡು ಕತ್ತಲೆ. ಎಷ್ಟೋ ದಿನದ ಮೇಲೆ ಆ ಕೆಂಪು ಬೆಳಕಿಲ್ಲದೆ ಕೂಸಿನ ಮೈಬಣ್ಣ ಕಂಡಿತು. ಅಕ್ಕನ ಬಣ್ಣವೇ.

ಎಪ್ಪತ್ತಾರು. ಸುಮಾರು ಹೊತ್ತು ಎಪ್ಪತ್ತಾರೇ. ಆಮೇಲೆ ಎಪ್ಪತ್ತೇಳು. ಬಾಗಿಲು ತೆರೆದಿದ್ದಕ್ಕೋ ಏನೋ ಎಂದು ಹೊರಗಿನದನ್ನೂ ನೋಡಿದೆ. ಕೋಣೆ ಎಪ್ಪತ್ತಾರರಲ್ಲೇ ಇತ್ತು. ಮತ್ತೆ ಒಳಗೆ ನೋಡಿದಾಗ ಎಪ್ಪತ್ತೆಂಟು. ಅಲ್ಲಿಗೆ ನಿಂತಿತು.

"ಏನಾಯ್ತೋ?" ಎಂದಳು ಅಕ್ಕ.

"ಎರಡು ಡಿಗ್ರಿ ಮೇಲಿದೆ."

"ಬಲ್ಬು ಹಾಕಿಲ್ಲವಲ್ಲ?"

"ಹಾಕಿಲ್ಲ."

ಮೂರು ಬಲ್ಬಿನ ಐವತ್ತೆಂಟು ವಾಟಿಗೆ ಈ ಪೆಟ್ಟಿಗೆ ಕೋಣೆಗಿಂತ ಇಪ್ಪತ್ತೈದು ಡಿಗ್ರಿ ಏರುತ್ತಿತ್ತು, ಅದನ್ನು ಎಷ್ಟೋ ಸಲ ಬರೆದಿಟ್ಟಿದ್ದೇನೆ. ಎರಡು ಡಿಗ್ರಿಗೆ ಎಷ್ಟು? ಕಾಗದದ ಮೇಲೆ ಮಾಡಿದೆ. 4.6 ವಾಟು.

ಭಾವ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಅದೇನು ಅದು, ನಾಲ್ಕು ಚುಕ್ಕೆ ಆರು?"

"ನಿಮ್ಮ ಮಗಳು ಭಾವ. ಅಷ್ಟು ಕಾವು ಅವಳದೇ."

ಅವರು ಆ ಅಂಕಿಯನ್ನು ನೋಡಿದರು, ಕೂಸನ್ನು ನೋಡಿದರು. ಎಂಜಿನ್ನಿನ ಹತ್ತಿರ ನಿಂತು ಕಿವಿಗೊಡುವ ಹಾಗೆ ಗಾಜಿಗೆ ಕಿವಿ ಹಚ್ಚಿದರು.

"ಹಂಗಾದ್ರೆ ಹಬೆ ಹಿಡಿದಿದೆ ಅನ್ನು" ಎಂದರು.

ಅಷ್ಟರಲ್ಲಿ ಕೂಸು ಎದ್ದು ಬಾಯಿ ಮಾಡತೊಡಗಿತು. ಅಕ್ಕ ಇಬ್ಬರನ್ನೂ ಪಕ್ಕಕ್ಕೆ ತಳ್ಳಿ ಗಾಜು ತೆಗೆದಳು. "ಸರೀರಿ ಅತ್ಲಾಗೆ. ನಿಮ್ಮ ವಾಟು ಆಮೇಲೆ ನೋಡ್ಕೊಳ್ಳಿ, ಅದಕ್ಕೆ ಹಸಿವಾಗಿದೆ."